ಹಲವು ದಾನಿ ದೇಶಗಳು, ಒಂದೇ ವರದಿ: ಜಂಟಿ ಮೌಲ್ಯಮಾಪನದ ಕೆಲಸದಲ್ಲಿ ಕಲಿತದ್ದು

ವಿದೇಶಿ ನೆರವಿನ ಯೋಜನೆಗಳ ಮೌಲ್ಯಮಾಪನ ನನ್ನ ವೃತ್ತಿ. ಈಚಿನ ವರ್ಷಗಳಲ್ಲಿ ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿರುವುದು ಜಂಟಿ ಮೌಲ್ಯಮಾಪನ. ಅಂದರೆ, ಒಂದು ದೇಶದ ಒಂದೇ ಕ್ಷೇತ್ರಕ್ಕೆ ಹಣ ಕೊಟ್ಟ ಹಲವು ದಾನಿ ದೇಶಗಳು ತಮ್ಮ ತಮ್ಮ ಯೋಜನೆಗೆ ಬೇರೆ ಬೇರೆ ವರದಿ ಬರೆಸುವ ಬದಲು, ವೆಚ್ಚ ಹಂಚಿಕೊಂಡು, ಒಂದೇ ತಂಡವನ್ನು ನೇಮಿಸಿ, ಎಲ್ಲರ ಹಣ ಸೇರಿ ಅಲ್ಲಿ ಏನಾಯಿತು ಎಂಬುದನ್ನು ಪರಿಶೀಲಿಸುವ ಪದ್ಧತಿ. ಒಬ್ಬೊಬ್ಬರ ವರದಿಗೆ ಕಾಣದ ಸಂಗತಿ ಈ ಕೆಲಸದಲ್ಲಿ ಕಾಣುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಾಗೆ ಕಂಡದ್ದು ಕಾರ್ಯರೂಪಕ್ಕೆ ಬರಬೇಕಾದರೆ ಯಾವ ಶಿಫಾರಸಿಗೆ ಯಾರು ಉತ್ತರ ಕೊಡಬೇಕು ಎಂಬುದು ಕೆಲಸ ಆರಂಭವಾಗುವ ಮೊದಲೇ ತೀರ್ಮಾನವಾಗಿರಬೇಕು. ಈ ವೃತ್ತಿಯಲ್ಲಿ ನಾನು ಕಲಿತ ಅತಿ ಮುಖ್ಯ ಪಾಠ ಇದೇ.

ದಾನಿ ದೇಶಗಳು ಒಟ್ಟಿಗೆ ಕುಳಿತು ಮೌಲ್ಯಮಾಪನದ ಮಾತಾಡುವ ಜಾಗ ಪ್ಯಾರಿಸ್‌ನಲ್ಲಿರುವ, ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿಯೊಳಗಿನ ಅಭಿವೃದ್ಧಿ ನೆರವು ಸಮಿತಿ. ನಮ್ಮ ವೃತ್ತಿಯವರು ಅದನ್ನು ಡ್ಯಾಕ್ ಎಂದೇ ಕರೆಯುತ್ತಾರೆ. 1961ರಿಂದ ಈ ಹೆಸರಿನಲ್ಲಿ ನಡೆದುಬಂದಿರುವ ಈ ಸಮಿತಿಯಡಿ ಸದಸ್ಯ ದೇಶಗಳ ಮೌಲ್ಯಮಾಪನ ವಿಭಾಗಗಳ ಮುಖ್ಯಸ್ಥರು 1980ರ ದಶಕದ ಆರಂಭದಿಂದಲೂ ನಿಯಮಿತವಾಗಿ ಸೇರುತ್ತಿದ್ದಾರೆ. ಅವರು 1991ರಲ್ಲಿ ರೂಪಿಸಿದ ತತ್ವಗಳಿಂದಲೇ ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ಪ್ರಭಾವ, ಸುಸ್ಥಿರತೆ ಎಂಬ ಐದು ಮಾನದಂಡಗಳು ಬಳಕೆಗೆ ಬಂದವು. ಇಂದು ಜಗತ್ತಿನ ಯಾವ ಮೂಲೆಯ ಮೌಲ್ಯಮಾಪನ ವರದಿ ತೆರೆದರೂ ಇವೇ ಅಧ್ಯಾಯಗಳ ತಲೆಬರಹಗಳಾಗಿರುತ್ತವೆ. 2019ರಲ್ಲಿ ಆರನೆಯದಾಗಿ ಸುಸಂಗತತೆ ಸೇರಿತು: ಈ ಯೋಜನೆ ಉಳಿದವರ ಯೋಜನೆಗಳೊಂದಿಗೆ ಹೊಂದುತ್ತದೆಯೇ, ಅಥವಾ ಅವುಗಳಿಗೆ ಅಡ್ಡಬರುತ್ತದೆಯೇ ಎಂಬ ಪ್ರಶ್ನೆ. ಭಾರತ ಡ್ಯಾಕ್‌ನ ಸದಸ್ಯ ರಾಷ್ಟ್ರವಲ್ಲ. ನಮ್ಮ ದೇಶ ಇತರರಿಗೆ ಕೊಡುವ ನೆರವನ್ನು ವಿದೇಶಾಂಗ ಸಚಿವಾಲಯವೇ ತನ್ನ ಪ್ರತ್ಯೇಕ ವಿಭಾಗದ ಮೂಲಕ ನೋಡಿಕೊಳ್ಳುತ್ತದೆ.

ಈ ಆರನೆಯ ಪ್ರಶ್ನೆ ಎಷ್ಟು ಮುಖ್ಯ ಎಂಬುದು ನನಗೆ ಮನದಟ್ಟಾದದ್ದು ಪೂರ್ವ ಆಫ್ರಿಕಾದ ಒಂದು ಜಿಲ್ಲಾ ನೀರು ಸರಬರಾಜು ಕಚೇರಿಯಲ್ಲಿ. ಆ ಜಿಲ್ಲೆಯ ಗ್ರಾಮೀಣ ನೀರಿಗೆ ಹಲವು ದಾನಿಗಳು ವರ್ಷಗಟ್ಟಲೆ ಹಣ ಕೊಟ್ಟಿದ್ದರು. ಎಂಜಿನಿಯರ್ ಅವರ ಮೇಜಿನ ಹಿಂದಿನ ಕಪಾಟಿನಲ್ಲಿ ಒಬ್ಬೊಬ್ಬ ದಾನಿಗೆ ಒಂದೊಂದು ಬಣ್ಣದ ಫೈಲು. ಪ್ರತಿಯೊಬ್ಬರಿಗೂ ತಮ್ಮದೇ ನಮೂನೆಯ ತ್ರೈಮಾಸಿಕ ವರದಿ ಬೇಕು, ಆ ತ್ರೈಮಾಸಿಕಗಳು ಕೊನೆಗೊಳ್ಳುವ ದಿನಾಂಕಗಳೂ ಒಂದೇ ಅಲ್ಲ. ಹಿಂಬದಿಯ ಉಗ್ರಾಣದಲ್ಲಿ ಎರಡು ಬಗೆಯ ಕೈಪಂಪುಗಳ ಬಿಡಿಭಾಗಗಳಿದ್ದವು. ಒಂದು, ನಮ್ಮ ಹಳ್ಳಿಗಳ ಬೋರ್‌ವೆಲ್‌ಗಳ ಮೇಲೆ ಎಲ್ಲರೂ ಕಂಡಿರುವ, 1970ರ ದಶಕದಲ್ಲಿ ಭಾರತ ಸರ್ಕಾರ ಮತ್ತು ಯುನಿಸೆಫ್ ಸೇರಿ ರೂಪಿಸಿದ ಇಂಡಿಯಾ ಮಾರ್ಕ್ 2. ಇನ್ನೊಂದು, 1980ರ ದಶಕದಲ್ಲಿ ಆಫ್ರಿಕಾದಲ್ಲೇ ರೂಪುಗೊಂಡ ಅಫ್ರಿದೇವ್. ಮೊದಲನೆಯದು ಗಟ್ಟಿಮುಟ್ಟಾದರೂ ಅದರ ಸಿಲಿಂಡರ್ ಕೆಟ್ಟರೆ ಭಾರದ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ವಿಶೇಷ ಸಲಕರಣೆಯೂ ತರಬೇತಾದ ಮೆಕ್ಯಾನಿಕ್ಕೂ ಬೇಕು. ಎರಡನೆಯದರ ಸೀಲು, ಬುಷ್‌ಗಳನ್ನು ಪೈಪು ಎತ್ತದೆ, ಒಂದೇ ಸ್ಪ್ಯಾನರಿನಿಂದ ಊರಿನವರೇ ಬದಲಿಸಿಕೊಳ್ಳಬಹುದು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುವುದಿಲ್ಲ.

ಆ ದಾನಿಗಳ ಹಿಂದಿನ ವರದಿಗಳನ್ನೆಲ್ಲ ನಾನು ಓದಿಕೊಂಡು ಹೋಗಿದ್ದೆ. ಯಾವುದೂ ಸುಳ್ಳು ಹೇಳಿರಲಿಲ್ಲ. ಪ್ರತಿಯೊಬ್ಬರೂ ತಾವು ಹಾಕಿಸಿದ ಪಂಪುಗಳನ್ನು ಎಣಿಸಿದ್ದರು, ತಾವು ತರಬೇತಿ ಕೊಟ್ಟ ನೀರಿನ ಸಮಿತಿಗಳನ್ನು ಎಣಿಸಿದ್ದರು, ತಮ್ಮ ಯೋಜನೆ ಗುರಿ ಮುಟ್ಟಿತೆಂದು ಸರಿಯಾಗಿಯೇ ಬರೆದಿದ್ದರು. ಆದರೆ ಎರಡು ಬಗೆಯ ಪಂಪುಗಳು ಅಕ್ಕಪಕ್ಕದ ಊರುಗಳಲ್ಲಿ ಬೆರೆತುಹೋಗಿದ್ದರಿಂದ, ಎರಡಕ್ಕೂ ಬಿಡಿಭಾಗ ಇಟ್ಟು ಮಾರುವಷ್ಟು ವ್ಯಾಪಾರ ಜಿಲ್ಲಾ ಕೇಂದ್ರದ ಯಾವ ಅಂಗಡಿಗೂ ಗಿಟ್ಟುತ್ತಿರಲಿಲ್ಲ. ಪಂಪು ಕೆಟ್ಟ ಊರಿನ ಹೆಂಗಸರು ಮತ್ತೆ ಹಳೆಯ ಹೊಂಡಕ್ಕೆ ಹೋಗುತ್ತಿದ್ದರು. ಈ ವೈಫಲ್ಯ ಯಾವ ಒಬ್ಬ ದಾನಿಯದೂ ಆಗಿರಲಿಲ್ಲ, ಹಾಗಾಗಿ ಯಾವ ಒಬ್ಬ ದಾನಿಯ ವರದಿಯಲ್ಲೂ ಅದು ದಾಖಲಾಗಿರಲಿಲ್ಲ. ಎಲ್ಲರ ಹಣವನ್ನೂ ಒಟ್ಟಿಗೆ ನೋಡುವ ತಂಡ ಹೋದಾಗ ಮಾತ್ರ ಅದು ಕಣ್ಣಿಗೆ ಬಿತ್ತು.

ಈ ಪದ್ಧತಿಯ ಶಕ್ತಿಯನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ರುವಾಂಡಾಕ್ಕೆ ನೀಡಿದ ತುರ್ತು ನೆರವಿನ ಜಂಟಿ ಮೌಲ್ಯಮಾಪನ. 1994ರ ಏಪ್ರಿಲ್‌ನಿಂದ ಜುಲೈವರೆಗೆ ಆ ಪುಟ್ಟ ದೇಶದಲ್ಲಿ ಟುಟ್ಸಿ ಜನಾಂಗದ ಲಕ್ಷಾಂತರ ಜನರ ನರಮೇಧ ನಡೆಯಿತು. ನರಮೇಧಕ್ಕೆ ವಿರೋಧವಿದ್ದ ಹುಟು ಜನಾಂಗದವರೂ ಅದಕ್ಕೆ ಬಲಿಯಾದರು. ಜುಲೈ ತಿಂಗಳಲ್ಲಿ ಕೆಲವೇ ದಿನಗಳೊಳಗೆ ಲಕ್ಷಗಟ್ಟಲೆ ನಿರಾಶ್ರಿತರು ಗಡಿ ದಾಟಿ ಆಗಿನ ಜೈರ್ ದೇಶದ ಗೋಮಾ ಪಟ್ಟಣದ ಸುತ್ತ ಸೇರಿದರು. ಅಲ್ಲಿ ಕಾಲರಾ ಮತ್ತು ಆಮಶಂಕೆಗೆ ಹತ್ತಾರು ಸಾವಿರ ಜನ ಸತ್ತರು. ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಸುಮಾರು 140 ಕೋಟಿ ಡಾಲರ್ ನೆರವು ಹರಿದುಬಂದಿತು, 200ರಷ್ಟು ಸ್ವಯಂಸೇವಾ ಸಂಸ್ಥೆಗಳು ಬಂದಿಳಿದವು. ಇದನ್ನೆಲ್ಲ ಒಟ್ಟಿಗೆ ಪರಿಶೀಲಿಸಬೇಕೆಂದು ಡೆನ್ಮಾರ್ಕಿನ ವಿದೇಶಾಂಗ ಸಚಿವಾಲಯ ಮುಂದಾಯಿತು. ಕೆಲಸದ ಮೇಲ್ವಿಚಾರಣೆಗೆ ರಚನೆಯಾದ ಸ್ಟೀರಿಂಗ್ ಸಮಿತಿಯಲ್ಲಿ 19 ದಾನಿ ದೇಶಗಳ ಸಂಸ್ಥೆಗಳು, ಐರೋಪ್ಯ ಒಕ್ಕೂಟ, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ರೆಡ್ ಕ್ರಾಸ್, ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟಗಳು ಎಲ್ಲವೂ ಇದ್ದವು.

ಕೆಲಸವನ್ನು ನಾಲ್ಕು ಅಧ್ಯಯನಗಳಾಗಿ ಹಂಚಿಕೊಂಡ ಕ್ರಮವನ್ನು ನಾನು ಹೊಸಬರಿಗೆ ಇಂದಿಗೂ ಉದಾಹರಣೆಯಾಗಿ ತೋರಿಸುತ್ತೇನೆ. ಇತಿಹಾಸದ ಹಿನ್ನೆಲೆಯ ಅಧ್ಯಯನದ ಹೊಣೆ ಸ್ವೀಡನ್ನಿಗೆ, ಮುನ್ಸೂಚನೆ ಮತ್ತು ಸಂಘರ್ಷ ನಿರ್ವಹಣೆಯದು ನಾರ್ವೆಗೆ, ಮಾನವೀಯ ನೆರವಿನದು ಬ್ರಿಟನ್ನಿಗೆ, ಯುದ್ಧಾನಂತರದ ಪುನರ್ನಿರ್ಮಾಣದ್ದು ಅಮೆರಿಕಕ್ಕೆ. ಒಬ್ಬೊಬ್ಬರಿಗೆ ಒಂದೊಂದು ಹೊಣೆ ಇದ್ದದ್ದರಿಂದ ಪ್ರತಿ ಅಧ್ಯಯನಕ್ಕೂ ಯಜಮಾನರಿದ್ದರು. ಮೇಲೆ ಎಲ್ಲರೂ ಇದ್ದ ಸಮಿತಿಯಿದ್ದದ್ದರಿಂದ ಯಾರೊಬ್ಬರ ರಾಜಕೀಯಕ್ಕೂ ವರದಿ ಬಗ್ಗಬೇಕಾಗಲಿಲ್ಲ. ಫ್ರಾನ್ಸ್ ನಡುವೆಯೇ ಸಮಿತಿಯಿಂದ ಹೊರಬಂದರೂ ವರದಿ ನಿಲ್ಲಲಿಲ್ಲ. 1996ರ ಮಾರ್ಚ್‌ನಲ್ಲಿ ಪ್ರಕಟವಾದ ಆ ವರದಿಯ ಮುಖ್ಯ ತೀರ್ಮಾನವೆಂದರೆ, ರಾಜಕೀಯವಾಗಿ ಮಾಡಬೇಕಾದ ಕೆಲಸವನ್ನು ಮಾಡದೆ ಮಾನವೀಯ ನೆರವನ್ನು ಅದರ ಜಾಗದಲ್ಲಿ ಇಡಲು ಬರುವುದಿಲ್ಲ ಎಂಬುದು. ಆಹಾರ, ಔಷಧ, ಡೇರೆಗಳ ಲೆಕ್ಕ ಮಾತ್ರ ಕೇಳಿದ್ದರೆ ಈ ಮಾತು ಹೊರಡುತ್ತಲೇ ಇರಲಿಲ್ಲ. ನರಮೇಧದ ಮುನ್ಸೂಚನೆಗಳು ಯಾರ ಮೇಜಿಗೆ ಬಂದಿದ್ದವು, ಅವರೇನು ಮಾಡಿದರು ಎಂಬ ಪ್ರಶ್ನೆಯನ್ನು ಆರಂಭದಲ್ಲೇ ಸೇರಿಸಿದ್ದರಿಂದ ಅದು ಸಾಧ್ಯವಾಯಿತು.

ಹೀಗಾಗಿ ಜಂಟಿ ಮೌಲ್ಯಮಾಪನದಲ್ಲಿ ನಾನು ಮೊದಲು ನೋಡುವುದು ಟಿಒಆರ್, ಅಂದರೆ ಕೆಲಸದ ವ್ಯಾಪ್ತಿಯನ್ನು ನಿಗದಿಪಡಿಸುವ ದಾಖಲೆ. ಸಮಿತಿಯಲ್ಲಿರುವ ಪ್ರತಿ ದೇಶವೂ ತನ್ನ ಸಂಸತ್ತಿಗೆ, ತನ್ನ ಲೆಕ್ಕಪರಿಶೋಧಕರಿಗೆ ಬೇಕಾದ ಪ್ರಶ್ನೆಯೊಂದನ್ನು ತರುತ್ತದೆ. ಎಲ್ಲವನ್ನೂ ಒಪ್ಪಿಕೊಂಡರೆ ಪ್ರಶ್ನೆಗಳ ಪಟ್ಟಿ ಪುಟಗಟ್ಟಲೆ ಬೆಳೆದು, ಯಾವುದಕ್ಕೂ ಆಳವಾದ ಉತ್ತರ ಸಿಗುವುದಿಲ್ಲ. ಮೂರ್ನಾಲ್ಕು ಮುಖ್ಯ ಪ್ರಶ್ನೆಗಳಿಗೆ ಇಳಿಸುವ ತನಕ ಕ್ಷೇತ್ರಕಾರ್ಯಕ್ಕೆ ಹೊರಡಬಾರದು ಎಂಬುದು ನನ್ನ ನಿಲುವು, ಅದರಿಂದ ಆರಂಭ ತಡವಾದರೂ ಸರಿಯೇ.

ಕರಡು ವರದಿ ಸಲ್ಲಿಸಿದ ನಂತರ ಬರುವುದು ಟಿಪ್ಪಣಿಗಳ ಕೋಷ್ಟಕ. ಹೊರಗಿನವರಿಗೆ ಇದರ ಪರಿಚಯ ಕಡಿಮೆ, ಆದರೆ ನಿಜವಾದ ಕುಸ್ತಿ ನಡೆಯುವುದು ಇದರಲ್ಲೇ. ಮೊದಲ ಕಾಲಂನಲ್ಲಿ ಟಿಪ್ಪಣಿ ಬರೆದ ಸಂಸ್ಥೆಯ ಹೆಸರು, ಎರಡನೆಯದರಲ್ಲಿ ಪ್ಯಾರಾ ಸಂಖ್ಯೆ, ಮೂರನೆಯದರಲ್ಲಿ ಟಿಪ್ಪಣಿ, ಕೊನೆಯದರಲ್ಲಿ ನಮ್ಮ ಉತ್ತರ: ಒಪ್ಪಿದೆ, ಭಾಗಶಃ ಒಪ್ಪಿದೆ, ಒಪ್ಪಿಲ್ಲ, ಮತ್ತು ಅದಕ್ಕೆ ಕಾರಣ. ಮೇಲೆ ಹೇಳಿದ ನೀರಿನ ಮೌಲ್ಯಮಾಪನದಲ್ಲಿ, ಪಂಪುಗಳ ಬಿಡಿಭಾಗದ ಕುರಿತ ಒಂದೇ ಪ್ಯಾರಾಕ್ಕೆ ಒಂದು ಸಂಸ್ಥೆ ಇದು ತೀರಾ ಕಟುವಾಯಿತೆಂದೂ, ಇನ್ನೊಂದು ಸಂಸ್ಥೆ ಇದು ಸಾಕಷ್ಟು ಸ್ಪಷ್ಟವಾಗಿಲ್ಲವೆಂದೂ ಬರೆದಿದ್ದವು. ಇಂಥ ಕಡೆ ಇಬ್ಬರಿಗೂ ಒಪ್ಪಿಗೆಯಾಗುವ ಮೆತ್ತಗಿನ ವಾಕ್ಯವನ್ನು ಹುಡುಕುವ ಆಸೆ ಸಹಜ, ಆದರೆ ಹಾಗೆ ಬರೆದ ವಾಕ್ಯ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ತಂಡ ಅನುಸರಿಸುವ ನಿಯಮ ಸರಳವಾದದ್ದು: ಸಂಗತಿ ತಪ್ಪಿದ್ದರೆ ಆಧಾರ ನೋಡಿ ತಿದ್ದುತ್ತೇವೆ, ಸಂಗತಿಯಿಂದ ಹೊರಟ ತೀರ್ಮಾನ ಮಾತ್ರ ನಮ್ಮದೇ ಆಗಿರುತ್ತದೆ, ಸಂಸ್ಥೆಗೆ ಭಿನ್ನಾಭಿಪ್ರಾಯವಿದ್ದರೆ ಅದನ್ನು ಅದರ ಹೆಸರಿನಲ್ಲೇ ದಾಖಲಿಸುತ್ತೇವೆ. ತಂಡದೊಳಗೇ ಒಮ್ಮತವಿಲ್ಲದಿದ್ದರೆ ಅದನ್ನೂ ವರದಿಯಲ್ಲಿ ಹೇಳಬೇಕೆಂದು ಡ್ಯಾಕ್ 2010ರಲ್ಲಿ ಪ್ರಕಟಿಸಿದ ಗುಣಮಟ್ಟದ ಮಾನದಂಡಗಳು ತಿಳಿಸುತ್ತವೆ. ಈ ಕೋಷ್ಟಕವನ್ನು ಸಮಿತಿಯ ಎಲ್ಲ ಸದಸ್ಯರಿಗೂ ಒಟ್ಟಿಗೆ ಕಳಿಸುವುದು ತಂಡದ ಸ್ವಾತಂತ್ರ್ಯಕ್ಕೆ ಇರುವ ಬಹುದೊಡ್ಡ ರಕ್ಷಣೆ, ಏಕೆಂದರೆ ತನ್ನ ಟಿಪ್ಪಣಿಯನ್ನು ಇತರ ದೇಶಗಳೂ ಓದುತ್ತವೆಂದು ತಿಳಿದ ಸಂಸ್ಥೆ ಆಧಾರವಿಲ್ಲದೆ ಒತ್ತಡ ಹೇರಲು ಹಿಂಜರಿಯುತ್ತದೆ.

ಇಷ್ಟರಲ್ಲಿ ಒಂದು ದೊಡ್ಡ ಕೊರತೆ ಉಳಿಯುತ್ತದೆ. ನೆರವು ಪಡೆದ ದೇಶ ಎಲ್ಲಿ ಕುಳಿತಿದೆ? ರುವಾಂಡಾ ಮೌಲ್ಯಮಾಪನ ಬಹುತೇಕ ದಾನಿಗಳ, ಅಂತರರಾಷ್ಟ್ರೀಯ ಸಂಸ್ಥೆಗಳ ಕೂಟವಾಗಿತ್ತು. 2004ರ ಡಿಸೆಂಬರ್ 26ರ ಸುನಾಮಿಯ ನಂತರ, 2005ರ ಫೆಬ್ರುವರಿಯಲ್ಲಿ ಹುಟ್ಟಿದ ಸುನಾಮಿ ಮೌಲ್ಯಮಾಪನ ಒಕ್ಕೂಟವೂ ಹೆಚ್ಚುಕಡಿಮೆ ಹಾಗೆಯೇ. ಅದರ 2006ರ ಸಮಗ್ರ ವರದಿ ಹೇಳಿದ ಸಂಗತಿ ಮಾತ್ರ ಕಣ್ಣು ತೆರೆಸುವಂಥದ್ದು: ಸುಮಾರು 1,350 ಕೋಟಿ ಡಾಲರ್ ಅಂತರರಾಷ್ಟ್ರೀಯ ಹಣ ಸಂಗ್ರಹವಾದ ಆ ದುರಂತದಲ್ಲಿ ಮೊದಲ ದಿನಗಳಲ್ಲಿ ಜೀವ ಉಳಿಸಿದವರು ಸ್ಥಳೀಯರೇ, ನಂತರ ಬಂದ ದೊಡ್ಡ ಸಂಸ್ಥೆಗಳು ಎಷ್ಟೋ ಕಡೆ ಸ್ಥಳೀಯರ ಸಾಮರ್ಥ್ಯವನ್ನು ಬಳಸಿಕೊಳ್ಳುವ ಬದಲು ಬದಿಗೆ ಸರಿಸಿದವು. ಈ ದೃಷ್ಟಿಯಿಂದ ಮುಂದಿನ ಹೆಜ್ಜೆ ಎಂದರೆ ಪ್ಯಾರಿಸ್ ಘೋಷಣೆಯ ಮೌಲ್ಯಮಾಪನ. ದಾನಿಗಳು ಪಡೆಯುವ ದೇಶದ ಯೋಜನೆಗೆ, ಪದ್ಧತಿಗೆ ಹೊಂದಿಕೊಂಡು ನಡೆಯಬೇಕೆಂದು 2005ರಲ್ಲಿ ಒಪ್ಪಿಕೊಂಡ ಆ ಘೋಷಣೆ ಎಷ್ಟು ಜಾರಿಯಾಯಿತು ಎಂಬುದನ್ನು ಎರಡು ಹಂತಗಳಲ್ಲಿ ಪರಿಶೀಲಿಸಲಾಯಿತು. 2011ರಲ್ಲಿ ಮುಗಿದ ಎರಡನೇ ಹಂತದಲ್ಲಿ ಇಪ್ಪತ್ತಕ್ಕೂ ಹೆಚ್ಚು ನೆರವು ಪಡೆಯುವ ದೇಶಗಳು ತಮ್ಮ ತಮ್ಮ ದೇಶದ ಅಧ್ಯಯನವನ್ನು ತಾವೇ ಮುನ್ನಡೆಸಿದವು. ನಿರ್ವಹಣಾ ತಂಡದಲ್ಲಿ ನೆದರ್‌ಲ್ಯಾಂಡ್ಸ್, ಸ್ವೀಡನ್, ಅಮೆರಿಕದ ಜೊತೆ ಕೊಲಂಬಿಯಾ, ಮಲಾವಿ, ವಿಯೆಟ್ನಾಂ ಸಮಾನವಾಗಿ ಕುಳಿತಿದ್ದವು. ತಾವು ಬದಲಾಗುತ್ತೇವೆಂದು ಮಾತು ಕೊಟ್ಟ ದಾನಿಗಳಿಗಿಂತ ನೆರವು ಪಡೆಯುವ ದೇಶಗಳೇ ಹೆಚ್ಚು ಬದಲಾಗಿವೆ ಎಂಬ ತೀರ್ಮಾನ ಹೊರಬಂದದ್ದು ಅವರೂ ಅಲ್ಲಿ ಕುಳಿತಿದ್ದರಿಂದಲೇ ಎಂದು ನಾನು ನಂಬುತ್ತೇನೆ.

ಇನ್ನು ಶಿಫಾರಸುಗಳ ವಿಚಾರ. ರುವಾಂಡಾ ವರದಿಯಿಂದ ಫಲ ಬಂದದ್ದು ಎಲ್ಲೆಂದು ನೋಡಿ. ಮಾನವೀಯ ಸಂಸ್ಥೆಗಳ ಗುಣಮಟ್ಟ, ಹೊಣೆಗಾರಿಕೆ ಕುರಿತ ಶಿಫಾರಸುಗಳಿಗೆ ಕೈಗೆತ್ತಿಕೊಳ್ಳುವವರಿದ್ದರು. 1997ರಲ್ಲಿ ಆಲ್ನ್ಯಾಪ್ ಎಂಬ ಕಲಿಕೆಯ ಜಾಲ ರೂಪುಗೊಂಡಿತು, ನಿರಾಶ್ರಿತರ ಶಿಬಿರದಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ ಎಷ್ಟು ನೀರು, ಎಷ್ಟು ಜಾಗ ಇರಬೇಕೆಂದು ನಿಗದಿ ಮಾಡುವ ಸ್ಫಿಯರ್ ಕನಿಷ್ಠ ಮಾನದಂಡಗಳ ಕೆಲಸವೂ ಅದೇ ವರ್ಷ ಶುರುವಾಯಿತು. ನರಮೇಧ ತಡೆಯುವ ರಾಜಕೀಯ ಇಚ್ಛಾಶಕ್ತಿಯ ಕುರಿತ ಶಿಫಾರಸುಗಳು ಭದ್ರತಾ ಮಂಡಳಿಗೆ, ‘ಅಂತರರಾಷ್ಟ್ರೀಯ ಸಮುದಾಯ’ಕ್ಕೆ ಹೋದವು, ಅವುಗಳಿಗೆ ಅಷ್ಟು ಖಚಿತವಾಗಿ ಉತ್ತರ ಕೊಟ್ಟವರಿಲ್ಲ. ಅತ್ಯಂತ ಮುಖ್ಯವಾದ ತೀರ್ಮಾನಕ್ಕೇ ಅತ್ಯಂತ ದುರ್ಬಲವಾದ ಉತ್ತರ ಸಿಕ್ಕಿದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಆದ್ದರಿಂದ ‘ದಾನಿಗಳು ಸಮನ್ವಯ ಸಾಧಿಸಬೇಕು’ ಎಂಬಂಥ ವಾಕ್ಯವನ್ನು ನನ್ನ ತಂಡದ ಕರಡಿನಲ್ಲಿ ಕಂಡರೆ ಹಿಂದಕ್ಕೆ ಕಳಿಸುತ್ತೇನೆ. ಯಾರು, ಯಾರ ಜೊತೆ, ಯಾವ ದಿನಾಂಕದೊಳಗೆ, ಯಾವ ಖಾತೆಯ ಹಣದಿಂದ ಎಂಬುದು ಅದರಲ್ಲಿರಬೇಕು. ನೀರಿನ ವರದಿಯಲ್ಲಿ ಕೊನೆಗೆ ನಿಂತದ್ದು ಹೀಗೆ: ಜಿಲ್ಲೆಗೆ ಒಂದೇ ಬಗೆಯ ಪಂಪನ್ನು ಆ ದೇಶದ ಸಚಿವಾಲಯ ಗೊತ್ತುಪಡಿಸಬೇಕು, ಹಳೆಯದನ್ನು ಬದಲಿಸುವ ವೆಚ್ಚವನ್ನು ಹೆಸರಿಸಿದ ದಾನಿ ಭರಿಸಬೇಕು, ಉಳಿದವರು ಹೊಸ ಒಪ್ಪಂದಗಳಲ್ಲಿ ಅದೇ ಪಂಪನ್ನು ನಮೂದಿಸಬೇಕು. ಪ್ರತಿ ಸಂಸ್ಥೆಯೂ ತನಗೆ ಸಂಬಂಧಿಸಿದ ಶಿಫಾರಸಿಗೆ ತಾನೇ ಲಿಖಿತ ಪ್ರತಿಕ್ರಿಯೆ ಕೊಟ್ಟಿತು. ಎಲ್ಲರ ಪರವಾಗಿ ಒಂದೇ ಪತ್ರ ಕಳಿಸುತ್ತೇವೆಂಬ ಸಲಹೆ ಬಂದಿತ್ತು, ಅದಕ್ಕೆ ನಾವು ಒಪ್ಪಲಿಲ್ಲ.

ಹೊಣೆಗಾರರನ್ನು ಹೆಸರಿಸಿದರೂ ಸಾಕಾಗದ ಕಾಲ ಈಗ ಬಂದಿದೆ. ಕೆನಡಾ, ಆಸ್ಟ್ರೇಲಿಯಾಗಳ ನೆರವು ಸಂಸ್ಥೆಗಳು 2013ರಲ್ಲಿ, ಬ್ರಿಟನ್ನಿನದು 2020ರಲ್ಲಿ ಅವರವರ ವಿದೇಶಾಂಗ ಇಲಾಖೆಯೊಳಗೆ ವಿಲೀನವಾದವು. ಅಮೆರಿಕದ ಯುಎಸ್‌ಏಡ್ 2025ರ ಜುಲೈ 1ರಿಂದ ನೆರವಿನ ಕಾರ್ಯಕ್ರಮಗಳನ್ನೇ ನಿಲ್ಲಿಸಿತು. ಶಿಫಾರಸು ಸ್ವೀಕರಿಸಿ ಸಹಿ ಹಾಕಿದ ಕಚೇರಿಯೇ ಇಲ್ಲವಾದರೆ ಆ ಶಿಫಾರಸಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಶಿಫಾರಸುಗಳಿಗೆ ಯಾರು ಏನು ಉತ್ತರ ಕೊಡುತ್ತಾರೆಂದು ಬರೆಯಲು ಈಗ ನಾವು ಸಿದ್ಧಪಡಿಸುತ್ತಿರುವ ಪ್ರತಿಕ್ರಿಯಾ ಕೋಷ್ಟಕದಲ್ಲಿ ಮೊದಲ ಕಾಲಂ ನೆರವು ಪಡೆಯುವ ದೇಶದ ಸಚಿವಾಲಯದ್ದು: ದಾನಿಯ ಹಣ ನಿಂತರೂ ತನ್ನ ಬಜೆಟ್ಟಿನಲ್ಲೇ ಮುಂದುವರಿಸಬಲ್ಲ ಕೆಲಸ ಯಾವುದು ಎಂಬುದನ್ನು ಅವರೇ ತುಂಬುತ್ತಾರೆ, ದಾನಿಗಳ ಕಾಲಂಗಳು ಅದರ ನಂತರ ಬರುತ್ತವೆ.