ನಮ್ಮೂರ ಹೈಸ್ಕೂಲಿನ ಕಂಪ್ಯೂಟರ್ ಕೋಣೆಗೆ ಯಾವ ಯಂತ್ರ? ಇಲ್ಲಿಯವರೆಗಿನ ಕೆಲಸ

ಜೂನ್ 2025

ಮುಧೋಳ ತಾಲ್ಲೂಕಿನ ನಮ್ಮೂರ ಸರ್ಕಾರಿ ಹೈಸ್ಕೂಲಿಗೆ ಕಂಪ್ಯೂಟರ್ ಕೊಡಿಸಬೇಕು ಅಂತ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ದುಡ್ಡು ಕೂಡಿಸಿದ್ದೇವೆ. ಯಂತ್ರ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಸಕ್ಕರೆ ಕಾರ್ಖಾನೆಯಲ್ಲಿ ಮೀಟರು, ಸೆನ್ಸರು ನೋಡಿಕೊಳ್ಳುವವನು. ಕಬ್ಬಿನ ಹಂಗಾಮು ಶುರುವಾದರೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅಷ್ಟರೊಳಗೆ ಇದನ್ನು ಒಂದು ದಡ ಮುಟ್ಟಿಸಬೇಕು.

ಬಳಗದ ಗುಂಪಿನಲ್ಲಿ ಮೊದಲ ದಿನವೇ ಮಾಡೆಲ್‌ಗಳ ಹೆಸರು ಬರತೊಡಗಿದವು. ಒಬ್ಬರು ಟ್ಯಾಬ್ ಅಂದರು, ಒಬ್ಬರು ಲ್ಯಾಪ್‌ಟಾಪ್ ಅಂದರು. ನಾನು ಶಾಲೆಗೆ ಹೋಗಿ ಮೇಷ್ಟ್ರುಗಳನ್ನು ಕೂರಿಸಿಕೊಂಡು, ಮಕ್ಕಳ ಕೈಯಲ್ಲಿ ಏನೇನು ಮಾಡಿಸಬೇಕು ಅಂತ ಕೇಳಿದೆ. ಕನ್ನಡ ಮೇಡಂಗೆ ಮಕ್ಕಳು ಅರ್ಜಿ, ಪತ್ರ, ಪ್ರಬಂಧ ಟೈಪ್ ಮಾಡಬೇಕು. ಗಣಿತದ ಸರ್‌ಗೆ ಆಕೃತಿ, ನಕ್ಷೆ ಎಳೆದು ತೋರಿಸುವ ಜಿಯೋಜೀಬ್ರಾ ಬೇಕು. ವಿಜ್ಞಾನದ ಸರ್‌ಗೆ ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳು ಬೇಕು. ಇವನ್ನು ಕೊಲೊರಾಡೊ ವಿಶ್ವವಿದ್ಯಾಲಯದವರು 2002ರಿಂದ ಮಾಡುತ್ತಾ ಬಂದಿದ್ದಾರೆ, ಕನ್ನಡದಲ್ಲೂ ಸಿಗುತ್ತವೆ, ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಹೆಡ್‌ಮಾಸ್ತರು ಹೇಳಿದ್ದು ಒಂದೇ ಮಾತು: "ಹತ್ತನೇತ್ತಾ ಮುಗಿಸಿದ ಹುಡುಗ್ರು ಐಟಿಐ, ಡಿಪ್ಲೊಮಾ ಅರ್ಜಿ ತುಂಬಾಕ ಸೈಬರ್ ಅಂಗಡಿ ಮುಂದ ಪಾಳಿ ಹಚ್ತಾವ್ರೀ. ತಮ್ಮ ಅರ್ಜಿ ತಾವ ತುಂಬುವಂಗ ಆಗ್ಲಿ."

ಇದನ್ನೆಲ್ಲ ಬರೆದುಕೊಂಡು ನೋಡಿದರೆ ಮುಕ್ಕಾಲು ಪಾಲು ಕೆಲಸ ಕೀಬೋರ್ಡಿನದು. ಬರೆಯುವುದು, ತುಂಬುವುದು, ಲೆಕ್ಕ ಹಾಕುವುದು. ವಿಡಿಯೋ ನೋಡುವುದಕ್ಕೆ ಪ್ರತಿ ಮಗುವಿಗೂ ಒಂದು ಪರದೆ ಬೇಕಿಲ್ಲ, ಒಂದು ಪ್ರೊಜೆಕ್ಟರ್ ಸಾಕು.

ಕಟ್ಟಡದ್ದೇ ಇನ್ನೊಂದು ಲೆಕ್ಕ ಇದೆ. ಶಾಲೆ ಘಟಪ್ರಭಾ ಹೊಳೆಗೆ ಹತ್ತಿರ. 2019ರ ಆಗಸ್ಟ್ ಪ್ರವಾಹದಲ್ಲಿ ಕೆಳಗಿನ ಕೋಣೆಗೆ ನೀರು ನುಗ್ಗಿ ಆಗ ಅಲ್ಲಿದ್ದ ಸಿಪಿಯುಗಳೆಲ್ಲ ಕೆಸರು ತಿಂದವು. ಮೇಲಿನ ಕೋಣೆಗಳು ತರಗತಿಗೇ ಸಾಲುವುದಿಲ್ಲ. ಹಾಗಾಗಿ ಕಂಪ್ಯೂಟರ್ ಕೋಣೆ ಕೆಳಗೇ ಇರುತ್ತದೆ. ಹೊಳೆ ಏರುತ್ತಿದೆ ಅಂದಾಗ ಮಕ್ಕಳು ಮೇಷ್ಟ್ರುಗಳು ಸೇರಿ ಅರ್ಧ ಗಂಟೆಯೊಳಗೆ ಎಲ್ಲವನ್ನೂ ಮೇಲಕ್ಕೆ ಸಾಗಿಸುವಂತಿರಬೇಕು. ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಈ ಗುಣ ಬರೆದಿರುವುದಿಲ್ಲ. ನಮಗೆ ಇದು ಮುಖ್ಯ.

ಜುಲೈ

ಟ್ಯಾಬ್ ವಿಷಯ. ಪುಣೆಯಲ್ಲಿರುವ ನಮ್ಮ ಬಳಗದ ಹಿರಿಯರೊಬ್ಬರು ದೊಡ್ಡ ಮೊತ್ತ ಕೊಡುತ್ತಿದ್ದಾರೆ. ಅವರಿಗೆ ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಟ್ಯಾಬ್ ನೋಡುವ ಆಸೆ. ಆಸೆ ದೊಡ್ಡದು, ಅದನ್ನು ಹಗುರವಾಗಿ ತಳ್ಳಿಹಾಕಲು ಮನಸ್ಸಾಗಲಿಲ್ಲ. ಅವರ ಹಳೆಯ ಟ್ಯಾಬ್ ಒಂದನ್ನೇ ತರಿಸಿ ಒಂಬತ್ತನೇ ತರಗತಿಯ ಮಕ್ಕಳಿಗೆ ಕೊಟ್ಟೆ. ಪಕ್ಕದಲ್ಲೇ ನನ್ನ ಮನೆಯ ಮಾನಿಟರ್, ಕೀಬೋರ್ಡ್ ಇಟ್ಟೆ. ಇಬ್ಬಿಬ್ಬರಂತೆ ಕೂತು ಊರಿನ ಜಾತ್ರೆಯ ಬಗ್ಗೆ ಒಂದು ಪ್ಯಾರಾ ಬರೆಯಿರಿ ಅಂದೆ.

ಟ್ಯಾಬ್ ಒಬ್ಬರ ತೊಡೆಯ ಮೇಲೆ ಹೋಯಿತು. ಪರದೆ ಅವರ ಕಡೆಗೇ ತಿರುಗಿತು. ಕೀಬೋರ್ಡ್ ಮೇಲೆದ್ದು ಅರ್ಧ ಪರದೆ ಮುಚ್ಚಿತು, ಬರೆದದ್ದು ಎರಡು ಮೂರು ಸಾಲಷ್ಟೇ ಕಾಣುತ್ತಿತ್ತು. ಪಕ್ಕದಲ್ಲಿ ಕೂತವಳು ಸ್ವಲ್ಪ ಹೊತ್ತು ಇಣುಕಿ ನೋಡಿ ಸುಮ್ನೆ ಕಿಟಕಿ ಕಡೆ ತಿರುಗಿದಳು. ಮಾನಿಟರ್ ಮುಂದೆ ಕೂತ ಜೋಡಿ ಜಗಳ ಆಡುತ್ತಿತ್ತು. "ಅಲ್ಲೇ ಒತ್ತಕ್ಷರ ತಪ್ಪೈತಿ ನೋಡ್", "ತಡಿ, ನಾ ಒತ್ತತೀನಿ" ಅಂತ. ಇಬ್ಬರ ಕಣ್ಣೂ ಒಂದೇ ಸಾಲಿನ ಮೇಲಿತ್ತು. ಕೈ ಒಬ್ಬರದು, ತಿದ್ದುವವರು ಇನ್ನೊಬ್ಬರು. ಇಬ್ಬರಿಗೊಂದು ಯಂತ್ರ ಅಂದರೆ ಬಡತನದ ಏರ್ಪಾಡು ಅಂತ ಜನ ತಿಳಿಯುತ್ತಾರೆ. ಬರೆಯುವ ಕೆಲಸಕ್ಕೆ ಅದೇ ವಾಸಿ ಅಂತ ನನಗೆ ಅವತ್ತು ಖಾತ್ರಿಯಾಯಿತು.

ಬ್ಯಾಟರಿಯ ಚಿಂತೆ ಬೇರೆ. ನಮ್ಮ ಏಪ್ರಿಲ್, ಮೇ ಬಿಸಿಲು ಗೊತ್ತೇ ಇದೆ. ಆ ಎರಡು ತಿಂಗಳು ಶಾಲೆಗೆ ರಜೆ. ಪೂರ್ತಿ ಚಾರ್ಜ್ ಆದ ಲಿಥಿಯಂ ಬ್ಯಾಟರಿಯನ್ನು ಕಾದ ಕಬ್ಬಿಣದ ಕಪಾಟಿನಲ್ಲಿ ಇಟ್ಟರೆ ಅದು ಬೇಗ ಮುದಿಯಾಗುತ್ತದೆ, ಊದಿಕೊಳ್ಳುವುದೂ ಉಂಟು. ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿ ಇಡಬೇಕು. ನಲವತ್ತು ಟ್ಯಾಬುಗಳಿಗೆ ಅಂಥ ಜಾಗ ಶಾಲೆಯಲ್ಲಿಲ್ಲ. ಗಾಜು ಒಡೆದರೆ, ಚಾರ್ಜಿಂಗ್ ತೂತು ಸಡಿಲಾದರೆ ಹೊಸ ಭಾಗ ಹುಡುಕುವುದೇ ಒಂದು ಕೆಲಸ.

ಹಿರಿಯರ ಜೊತೆ ಫೋನಿನಲ್ಲಿ ತುಂಬಾ ಹೊತ್ತು ಮಾತಾಡಿದೆ. ಪೆರು ದೇಶದ ಕಥೆ ಹೇಳಿದೆ. ಅಲ್ಲಿನ ಸರ್ಕಾರ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯಲ್ಲಿ ಹಳ್ಳಿ ಶಾಲೆಗಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳನ್ನು ಅಳೆದು ನೋಡಿ 2012ರಲ್ಲಿ ವರದಿ ಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕ ಏರಿದ ಗುರುತು ಸಿಗಲಿಲ್ಲ. ಯಂತ್ರ ಬಂತು, ಅದರ ಸುತ್ತ ಪಾಠ ಬರಲಿಲ್ಲ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನೀ ಹೇಳಿದ್ದ ತರೋಣಪಾ, ಆದ್ರ ಮಕ್ಕಳು ದಿನಾ ಮುಟ್ಟುವಂಗಿರಲಿ" ಅಂದರು. ಆ ಮಾತನ್ನು ಕೋಣೆಯ ವೇಳಾಪಟ್ಟಿ ಮಾಡುವಾಗ ನೆನಪಿಟ್ಟುಕೊಂಡಿದ್ದೇನೆ.

ವಿಜ್ಞಾನದ ಸರ್‌ಗೆ ಮಾತ್ರ ಎರಡು ಟ್ಯಾಬ್ ತರುವುದು ಅಂತಾಯಿತು. ಹೊಲಕ್ಕೆ ಹೋಗಿ ಎಲೆ, ಹುಳದ ಫೋಟೋ ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲ.

ಆಗಸ್ಟ್

ಕ್ರೋಮ್‌ಬುಕ್ (ಗೂಗಲ್ ತಂತ್ರಾಂಶದ, ಹೆಚ್ಚಾಗಿ ನೆಟ್ ಮೇಲೇ ನಡೆಯುವ ಲ್ಯಾಪ್‌ಟಾಪ್) ಬೇಗ ಪಟ್ಟಿಯಿಂದ ಹೊರಗೆ ಹೋಯಿತು. ಯಂತ್ರ ಚೆನ್ನಾಗಿದೆ, ಬೇಗ ಶುರುವಾಗುತ್ತದೆ. ಆದರೆ ನೆಟ್ ಇಲ್ಲದಿದ್ದರೆ ಅದರ ಅರ್ಧ ಜೀವ ಹೋದಂತೆ, ನಮ್ಮಲ್ಲಿ ಮಳೆ ಬಂದರೆ ನೆಟ್ ಹೋಗುತ್ತದೆ. 10 ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಗೂಗಲ್ ಹೇಳಿದೆ, ನಿಜ. ಎಣಿಕೆ ಶುರುವಾಗುವುದು ಆ ಜಾತಿಯ ಯಂತ್ರ ಮೊದಲು ಹೊರಬಂದ ಕಾಲದಿಂದ, ನಾವು ಕೊಂಡ ದಿನದಿಂದ ಅಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲು ನೋಡಬೇಕು.

ರಾಸ್ಪ್‌ಬೆರಿ ಪೈ 400 ಬಗ್ಗೆ ನನಗೆ ಮೊದಲಿನಿಂದ ಪ್ರೀತಿ. 2020ರ ನವೆಂಬರ್‌ನಲ್ಲಿ ಬಂದದ್ದು, ಕೀಬೋರ್ಡಿನೊಳಗೇ ಇಡೀ ಕಂಪ್ಯೂಟರ್. ವಿದ್ಯುತ್ ತುಂಬಾ ಕಡಿಮೆ ತಿನ್ನುತ್ತದೆ. ಗೆಳೆಯನದೊಂದನ್ನು ತಂದು ಕೋಣೆಯಲ್ಲಿಟ್ಟೆ. ಕರೆಂಟ್ ಹಠಾತ್ ಹೋದಾಗ, ತಂತ್ರಾಂಶ ಫೈಲು ಎಲ್ಲ ಇರುವ ಇದರ ಎಸ್‌ಡಿ ಕಾರ್ಡ್ ಕೆಡುವ ಭಯ ಜಾಸ್ತಿ. ಕೀಬೋರ್ಡಿನ ಒಂದು ಗುಂಡಿ ಸವೆದರೂ ಇಡೀ ಯಂತ್ರವನ್ನೇ ಬಿಚ್ಚಬೇಕು, ಇಲ್ಲವೇ ಅದರ ಮುಂದೆ ಇನ್ನೊಂದು ಕೀಬೋರ್ಡ್ ಇಟ್ಟುಕೊಳ್ಳಬೇಕು. ಬೇರೆ ಕಂಪ್ಯೂಟರ್ ಆದರೆ ಕೆಲವು ನೂರು ರೂಪಾಯಿಗೆ ಹೊಸ ಕೀಬೋರ್ಡ್ ತಂದು ಸಿಕ್ಕಿಸಬಹುದು. ವಿಜ್ಞಾನ ಸಂಘಕ್ಕೆ ಒಂದು ಸಾಕು. ಹಿಂದೆ 40 ಪಿನ್ ಇವೆ, ಅವಕ್ಕೆ ತಾಪಮಾನದ ಸೆನ್ಸರ್ ಸಿಕ್ಕಿಸಿ ಆಡಲಿ.

ಕೊನೆಗೆ ಉಳಿದದ್ದು ಕಂಪನಿಗಳು ಬಳಸಿ ಬಿಟ್ಟ ಮಿನಿ ಡೆಸ್ಕ್‌ಟಾಪ್‌ಗಳು. ಲೆನೊವೊ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಮಿನಿ, ಮೂರೂ ಒಂದೇ ಜಾತಿ. ಒಂದು ದಪ್ಪ ಪುಸ್ತಕದಷ್ಟು ಗಾತ್ರ. ಹೊಳೆ ಬಂದರೆ ಒಬ್ಬ ಹುಡುಗ ಚೀಲದಲ್ಲಿ ನಾಲ್ಕನ್ನು ಹಾಕಿಕೊಂಡು ಮೆಟ್ಟಿಲು ಹತ್ತಬಹುದು! ನಾನು ನೋಡಿದ್ದು ಇಂಟೆಲ್ ಐ5 6500ಟಿ ಇರುವಂಥದ್ದು. ನಾಲ್ಕು ಕೋರ್, 35 ವ್ಯಾಟ್ ಪ್ರೊಸೆಸರ್. ಒಂದು ಹೊಸ ಲ್ಯಾಪ್‌ಟಾಪಿನ ದುಡ್ಡಿಗೆ ಎರಡು ಮೂರು ಬರುತ್ತವೆ. ಒಳಗಿನ ರ‍್ಯಾಮ್ ಲ್ಯಾಪ್‌ಟಾಪಿನದೇ ಜಾತಿ, ಎಸ್‌ಎಸ್‌ಡಿ ಮಾಮೂಲಿ. ಬಾಗಲಕೋಟೆಯಲ್ಲಿ, ಜಮಖಂಡಿಯಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತವೆ. ನನ್ನ ಮಟ್ಟಿಗೆ ಇದೇ ಕೊನೆಯ ಮಾತು: ನಾನಿಲ್ಲದಿದ್ದಾಗ, ಬೆಳಿಗ್ಗೆ ಬಸ್ಸು ಹತ್ತಿ ಸಂಜೆಯೊಳಗೆ ಭಾಗ ತಂದು ಹಾಕಲು ಆಗಬೇಕು. ಹಾಗೆ ಆಗದ ಯಂತ್ರ ಎಷ್ಟೇ ಚಂದ ಇದ್ದರೂ ಹಳ್ಳಿ ಶಾಲೆಗೆ ಬೇಡ.

ಸೆಪ್ಟೆಂಬರ್

ಮಾದರಿಗೆ ಒಂದು ಮಿನಿ ತರಿಸಿದೆ. ಕೋಣೆಯ ಪ್ಲಗ್ಗಿಗೆ ಹಾಕಿ ಮೇಲ್ಮೈ ಮುಟ್ಟಿದರೆ ಬೆರಳು ಜುಮ್ಮೆಂದಿತು. ಮೀಟರ್ ಹಿಡಿದೆ. ಯಂತ್ರದ ಮೈಗೂ ನೆಲಕ್ಕೂ ನಡುವೆ 110 ವೋಲ್ಟ್ ಹತ್ತಿರ. ಯಂತ್ರದಲ್ಲಿ ದೋಷ ಇರಲಿಲ್ಲ. ಅಡಾಪ್ಟರ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಕರೆಂಟಿನ ಎರಡೂ ತಂತಿಗಳಿಂದ ಅರ್ಥ್ ಪಿನ್ನಿಗೆ ಸೇರಿರುತ್ತವೆ. ಅರ್ಥ್ ಸರಿಯಿಲ್ಲದಿದ್ದರೆ ಮೈಮೇಲೆ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜ್ ನಿಲ್ಲುತ್ತದೆ. ಕರೆಂಟ್ ತೀರಾ ಸಣ್ಣದು, ಆದರೂ ಬರಿಗಾಲಲ್ಲಿ ಕೂರುವ ಮಕ್ಕಳ ಕೋಣೆಯಲ್ಲಿ ಇದನ್ನು ಬಿಡಲಾಗದು. ಊರಿನ ಎಲೆಕ್ಟ್ರಿಷಿಯನ್ ಕಾಕಾ ಬಂದು ಹೊಸ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪ್ ಇಳಿಸಿದರು. ಮೂರು ಪಿನ್ನಿನ ಬೋರ್ಡುಗಳನ್ನೆಲ್ಲ ಹೊಸದಾಗಿ ತಂತಿ ಎಳೆದು ಕೂಡಿಸಿದೆವು. ಈಗ ಮೀಟರ್ ಒಂದೆರಡು ವೋಲ್ಟ್ ತೋರಿಸುತ್ತದೆ. ಯಂತ್ರ ಆರಿಸುವವರು ಯಾರೇ ಆಗಲಿ, ಮೊದಲು ಅರ್ಥಿಂಗ್ ಅಳೆಯಿರಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಕರೆಂಟಿನ ಲೆಕ್ಕವೂ ಆಯಿತು. ಮಿನಿ ಮತ್ತು 19 ಇಂಚಿನ ಎಲ್‌ಇಡಿ ಮಾನಿಟರ್ ಸೇರಿ ಟೈಪ್ ಮಾಡುವಾಗ ಸುಮಾರು 30 ವ್ಯಾಟ್. 12 ಜೋಡಿಗೆ 360. ಕರೆಂಟ್ ಹೋದಾಗ ಇನ್ವರ್ಟರ್ ನಡೆಸುವ 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್ ಇರುತ್ತದೆ. ಆದರೆ ಆ 150 ಅನ್ನುವುದು 20 ಗಂಟೆಯಲ್ಲಿ ನಿಧಾನಕ್ಕೆ ಖಾಲಿ ಮಾಡಿದರೆ ಸಿಗುವ ಲೆಕ್ಕ. ಜೋರಾಗಿ ಎಳೆದರೆ ಕಡಿಮೆ ಸಿಗುತ್ತದೆ, ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಹಾಳು. ನಂಬಬಹುದಾದದ್ದು ಸಾವಿರ ವ್ಯಾಟ್ ಅವರ್. ಇನ್ವರ್ಟರ್ ತಿನ್ನುವುದನ್ನು ಕಳೆದರೆ ಸುಮಾರು ಎರಡೂವರೆ ಗಂಟೆ. ಹಳೆ ಟವರ್ ಡೆಸ್ಕ್‌ಟಾಪ್ ಆಗಿದ್ದರೆ ಅದೇ ಬ್ಯಾಟರಿ ಒಂದು ಪೀರಿಯಡ್ಡಿಗೆ ಸುಸ್ತಾಗುತ್ತಿತ್ತು. ಇನ್ವರ್ಟರ್ ಹಿಂದೆ ಯುಪಿಎಸ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನೇ ಹಾಕಿಡಬೇಕು. ಇಲ್ಲದಿದ್ದರೆ ಕರೆಂಟ್ ಬದಲಾಗುವ ಆ ಚೂರು ಹೊತ್ತಿನಲ್ಲಿ ಯಂತ್ರಗಳು ರೀಸ್ಟಾರ್ಟ್ ಆಗುತ್ತವೆ.

ಅಕ್ಟೋಬರ್

ಈ ತಿಂಗಳ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವುದು ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್. ನಮ್ಮದು 6ನೇ ತಲೆಮಾರು. ಹಾಗಾಗಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ 22, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಅಪ್‌ಡೇಟ್ ಬರುತ್ತದೆ. ಕಂಪ್ಯೂಟರ್ ಅಂದರೆ ವಿಂಡೋಸ್ ಅಲ್ವಾ ಅಂತ ಬಳಗದಲ್ಲಿ ಅನುಮಾನ ಬಂತು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸಿನಲ್ಲೇ ಕಲಿಸುತ್ತಿವೆ ಅಂದೆ. ಅದಕ್ಕಿಂತ ಜಾಸ್ತಿ ವಾದ ಬೇಕಾಗಲಿಲ್ಲ.

ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ವಿನ್ಯಾಸವನ್ನೇ ಇಟ್ಟಿದ್ದೇವೆ. ಲಿನಕ್ಸಿನಲ್ಲಿ ಕೆಜಿಪಿ ಅನ್ನುವ ಹೆಸರಿನಲ್ಲಿ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರಿಗೂ ಹೊಂದುತ್ತದೆ. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ನಡುವಿನ ಎಫ್ ಒತ್ತು ಕೊಡುವ ಕೊಂಡಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಎಫ್ ಒತ್ತಿ ಅಕ್ಷರ ಕೆಳಗೆ ಇಳಿಯುವುದನ್ನು ನೋಡಿ, ತನ್ನ ಅಪ್ಪ, ಅಮ್ಮ, ಅಕ್ಕ, ಅಣ್ಣ, ತಮ್ಮ ಎಲ್ಲರ ಹೆಸರನ್ನೂ ಒಂದೇ ಉಸಿರಿಗೆ ಹೊಡೆದು ಮುಗಿಸಿದಳು.

ನವೆಂಬರ್

12 ಯಂತ್ರ ಬಂದವು. ಕಾರ್ಖಾನೆಯಲ್ಲಿ ಹಂಗಾಮು ಶುರುವಾಗಿದೆ, ರಾತ್ರಿ ಪಾಳಿ ಮುಗಿಸಿ ನೇರ ಶಾಲೆಗೆ ಹೋಗುತ್ತಿದ್ದೇನೆ. ರ‍್ಯಾಮ್ ಬೆಲೆ ದಿನೇದಿನೇ ಏರುತ್ತಿದೆ. 8 ಜಿಬಿ ಇರುವಂಥವನ್ನೇ ಮೊದಲೇ ಹೇಳಿಟ್ಟಿದ್ದರಿಂದ ನಮಗೆ ಬಿಸಿ ತಟ್ಟಲಿಲ್ಲ.

ಹೊಂದಿಸುವ ಕೆಲಸವನ್ನು ಮಕ್ಕಳ ಕೈಗೇ ಕೊಟ್ಟೆ. ಹಿಂದೆ ಒಂದೇ ಸ್ಕ್ರೂ, ತೆಗೆದು ಮುಚ್ಚಳ ಜಾರಿಸಿದರೆ ಎಲ್ಲ ಕಾಣುತ್ತದೆ. "ಸರ್, ನಾವ ಬಿಚ್ಚಬಹುದ್ರೀ?" ಅಂತ ಅಳುಕಿನಲ್ಲೇ ಕೇಳಿದರು. ಸ್ವಲ್ಪ ಹೊತ್ತಿಗೆ ಫ್ಯಾನಿನ ಧೂಳು ಊದುವುದು ಯಾರ ಸರದಿ ಅಂತ ಪೈಪೋಟಿ. ಮೂರು ಯಂತ್ರಗಳಲ್ಲಿ ತಾರೀಖು ಎಷ್ಟೋ ವರ್ಷ ಹಿಂದಿತ್ತು. ತಾರೀಖು ತಪ್ಪಿದ್ದರೆ ಬ್ರೌಸರ್ ಸುರಕ್ಷಿತ ಸೈಟ್‌ಗಳನ್ನು ತೆರೆಯಲು ಒಪ್ಪುವುದಿಲ್ಲ. ಮದರ್‌ಬೋರ್ಡಿನ ಗುಂಡು ಸೆಲ್ ಸತ್ತಿರುತ್ತದೆ, ಅಷ್ಟೇ. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಕೊಡುತ್ತಾರೆ. ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಸೆಲ್ ಬದಲಾಯಿಸಿ, ತಾರೀಖು ಸರಿಮಾಡಿ, ಗೋಡೆಯ ಮೇಲಿನ ಹಾಳೆಯಲ್ಲಿ ಯಾವ ಯಂತ್ರಕ್ಕೆ ಏನು ಮಾಡಿದೆವು ಅಂತ ಬರೆದು ಸಹಿ ಹಾಕಿದ್ದಾರೆ.

ಡಿಸೆಂಬರ್, ಈಗಿನ ಸ್ಥಿತಿ

ಎಂಟು ಯಂತ್ರ ದಿನಾ ಓಡುತ್ತಿವೆ. ಉಳಿದ ನಾಲ್ಕಕ್ಕೆ ದಾನ ಬಂದ ಮಾನಿಟರ್‌ಗಳು ಬರೀ ವಿಜಿಎ ಅನ್ನುವ ಹಳೆಯ ಕನೆಕ್ಷನ್ ಇರುವಂಥವು, ಯಂತ್ರದಲ್ಲಿರುವುದು ಡಿಸ್‌ಪ್ಲೇ ಪೋರ್ಟ್. ಕನ್ವರ್ಟರ್‌ಗಳಿಗೆ ಹುಬ್ಬಳ್ಳಿಯಲ್ಲಿ ಹೇಳಿದ್ದೇನೆ, ಈ ವಾರ ಬಸ್ಸಿಗೆ ಹಾಕುತ್ತಾರೆ. ಕನ್ನಡ ವಿಕಿಪೀಡಿಯವನ್ನು ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ತಂತ್ರಾಂಶದ ಮೂಲಕ ಎಲ್ಲ ಯಂತ್ರಗಳಿಗೂ ತುಂಬುವುದು ಅರ್ಧಕ್ಕೆ ಬಂದಿದೆ. ಅದು ಮುಗಿದರೆ ಮಕ್ಕಳು ನೆಟ್ ಇಲ್ಲದೆಯೂ ಹುಡುಕಿ ಓದಬಹುದು. ಬೇಸಿಗೆ ರಜೆಗೆ ಮುಂಚೆ ಎರಡು ಕೆಲಸ ಬಾಕಿ ಇವೆ. ಅರ್ಥಿಂಗ್ ಗುಂಡಿಗೆ ನೀರು ಹಾಕುವ ಪಾಳಿ ಗೊತ್ತುಮಾಡಬೇಕು. ಜೂನ್ ಮಳೆಗೆ ಮೊದಲು ಎಲ್ಲ ಯಂತ್ರಗಳನ್ನು ಮೇಲಿನ ಕೋಣೆಗೆ ಸಾಗಿಸುವ ಅಭ್ಯಾಸ ಒಮ್ಮೆ ಮಾಡಿಸಬೇಕು. ಚೀಲಗಳನ್ನು ಹೊಲಿದುಕೊಡುತ್ತೇವೆ ಅಂತ ಊರಿನ ಸ್ವಸಹಾಯ ಸಂಘದ ಅಕ್ಕಂದಿರು ಹೇಳಿದ್ದಾರೆ. ಅಳತೆ ಕೊಟ್ಟು ಬಂದಿದ್ದೇನೆ.