ಲೆತ್‌ಬ್ರಿಜ್‌ನಲ್ಲಿ ಮೂವರ ಆಟ

2021ರಲ್ಲಿ ಕೆನಡಾದ ಪುರುಷರ ರಾಷ್ಟ್ರೀಯ ಕರ್ಲಿಂಗ್ (ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಗುರಿಯ ಹತ್ತಿರ ನಿಲ್ಲಿಸುವ ಆಟ) ಪಂದ್ಯಾವಳಿ ‘ಬ್ರಾಯರ್’ ನಾವಿರುವ ಕ್ಯಾಲ್ಗರಿಯಲ್ಲೇ ನಡೆಯಿತು. ಕೋವಿಡ್ ಕಾರಣಕ್ಕೆ ಆಟಗಾರರೆಲ್ಲ ಹೊರಗಿನವರ ಸಂಪರ್ಕವಿಲ್ಲದ ಬಬಲ್‌ನಲ್ಲಿದ್ದರು, ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಊರಲ್ಲೇ ಇದ್ದೂ ಟಿವಿಯಲ್ಲಿ ನೋಡಬೇಕಾಯಿತು. ಮರುವರ್ಷ ಲೆತ್‌ಬ್ರಿಜ್‌ನಲ್ಲಿ ಪ್ರೇಕ್ಷಕರನ್ನು ಬಿಡುತ್ತಾರೆ ಅಂದ ಕೂಡಲೇ ಫೈನಲ್ ಟಿಕೆಟ್ ತಗೊಂಡೆವು.

ಕ್ಯಾಲ್ಗರಿಯಿಂದ ದಕ್ಷಿಣಕ್ಕೆ 210 ಕಿ.ಮೀ. ದಾರಿ. ಬಲಗಡೆ ದೂರದಲ್ಲಿ ರಾಕಿ ಬೆಟ್ಟಗಳು, ಉಳಿದಂತೆ ಬಟಾಬಯಲು. ಫೋರ್ಟ್ ಮಕ್ಲೌಡ್ ಹತ್ತಿರ ಗಾಳಿ ಎಷ್ಟು ಜೋರಿತ್ತೆಂದರೆ ಚಿತ್ರಾನ್ನದ ಬುತ್ತಿ ಕಾರಲ್ಲೇ ಬಿಚ್ಚಿದೆವು. ಲೆತ್‌ಬ್ರಿಜ್‌ನಲ್ಲಿ ಓಲ್ಡ್‌ಮನ್ ನದಿಯ ಕಣಿವೆಗೆ ಅಡ್ಡಲಾಗಿ 1909ರ ರೈಲು ಸೇತುವೆಯಿದೆ. ಉದ್ದ 1.6 ಕಿ.ಮೀ., ಎತ್ತರ ಸುಮಾರು 96 ಮೀಟರ್. ಅದನ್ನು ನೋಡೋಕೇ ಒಮ್ಮೆ ಹೋಗಬಹುದು.

ಮಾಸ್ಕ್ ಕಡ್ಡಾಯ ಆ ಮಾರ್ಚ್ ತಿಂಗಳ ಆರಂಭದಲ್ಲಷ್ಟೇ ಹೋಗಿತ್ತು. ಆದರೆ ಕೋವಿಡ್ ಹೋಗಿರಲಿಲ್ಲ. ಬ್ರಾಡ್ ಗುಶೂ ತಂಡದ ಮಾರ್ಕ್ ನಿಕೋಲ್ಸ್‌ಗೆ ಪಾಸಿಟಿವ್ ಬಂದು, ಫೈನಲ್‌ಗೆ ಗುಶೂ, ಬ್ರೆಟ್ ಗ್ಯಾಲಂಟ್, ಜೆಫ್ ವಾಕರ್ ಮೂವರೇ ಇಳಿದರು.

ನಾಲ್ವರ ಆಟದಲ್ಲಿ ಒಬ್ಬ ಕಡಿಮೆಯಾದರೆ ಏನಾಗುತ್ತೆ ಅನ್ನೋದು ಹತ್ತಿರದಿಂದ ನೋಡಿದಾಗಲೇ ಗೊತ್ತಾಗೋದು. ಅಂಗಳಕ್ಕೆ ನೀರು ಚಿಮುಕಿಸಿದ ಹಾಗೆ ಮಂಜುಗಡ್ಡೆಯ ಮೇಲೆ ಹನಿ ಸಿಂಪಡಿಸಿರುತ್ತಾರೆ. ಆ ಹನಿಗಳು ಗಟ್ಟಿಯಾಗಿ, ಸುಮಾರು 20 ಕಿಲೋದ ಗ್ರಾನೈಟ್ ಕಲ್ಲು ಅವುಗಳ ಮೇಲೆ ಜಾರುತ್ತದೆ. ಮುಂದೆ ಬ್ರಷ್‌ನಿಂದ ಉಜ್ಜಿದರೆ ಕಲ್ಲು ಇನ್ನೂ ದೂರ, ಇನ್ನೂ ನೇರ ಹೋಗುತ್ತದೆ. ಸಾಮಾನ್ಯವಾಗಿ ಉಜ್ಜಲು ಇಬ್ಬರು. ಇಲ್ಲಿ ಒಬ್ಬ ಎಸೆದು, ಇನ್ನೊಬ್ಬ ಆ ತುದಿಯಲ್ಲಿ ಗುರಿ ತೋರಿಸಿದರೆ, ಉಜ್ಜಲು ಉಳಿದವನು ಒಬ್ಬನೇ! ಪ್ರತಿ ಸುತ್ತಿನಲ್ಲಿ ಎರಡರ ಬದಲು ಮೂರು ಕಲ್ಲು ಎಸೆಯುವ ಹೊರೆ ಗ್ಯಾಲಂಟ್, ವಾಕರ್ ಇಬ್ಬರ ಮೇಲೂ ಬಿತ್ತು. ಅದೂ ಹಿಂದಿನ ತಿಂಗಳಷ್ಟೇ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ಬಂದವರು.

ಎದುರಾಳಿ ಕೆವಿನ್ ಕೋ ಅವರ ಆಲ್ಬರ್ಟಾ, ಅಂದರೆ ನಮ್ಮ ಪ್ರಾಂತ್ಯದ ತಂಡ. ನಾವೂ ಅವರಿಗೇ ಕೂಗುತ್ತಿದ್ದೆವು. ಆದರೂ ಆ ಮೂವರನ್ನು ನೋಡ್ತಾ ನೋಡ್ತಾ ಚಪ್ಪಾಳೆ ಆ ಕಡೆಗೂ ಹೋಗುತ್ತಿತ್ತು, ತಡೆಯೋಕಾಗಲ್ಲ ಅಲ್ವಾ? ಆಟ ಹತ್ತು ಎಂಡ್‌ಗೂ (ಎಂಡ್ ಅಂದರೆ ಒಂದು ಸುತ್ತು) ಮುಗಿಯಲಿಲ್ಲ. ಹನ್ನೊಂದನೆಯದರಲ್ಲಿ ಗುಶೂ ತಂಡ 9–8ರಿಂದ ಗೆದ್ದಿತು. ಅದು ಗುಶೂಗೆ ನಾಲ್ಕನೇ ಬ್ರಾಯರ್ ಗೆಲುವು. ಗೆದ್ದವರ ಪಟ್ಟಿಯಲ್ಲಿ ನಿಕೋಲ್ಸ್ ಹೆಸರೂ ಇದೆ, ಇರಲೇಬೇಕು. ತಂಡ ಅಲ್ಲಿಯವರೆಗೆ ಬಂದಿದ್ದು ನಾಲ್ವರಿಂದ.