ಕೋವಿಯ ಮೇಲೆ ಬೇಟೆ ದೃಶ್ಯ: ಮೊದಲು ಸ್ಕ್ರೂ, ಆಮೇಲೆ ಹಕ್ಕಿ

ಜೋಡಿನಳಿಗೆ ಕೋವಿಯ ಸೈಡ್‌ಲಾಕ್ ಪ್ಲೇಟಿಗೆ (ಗುಂಡು ಹಾರಿಸುವ ಯಂತ್ರಭಾಗವನ್ನು ಹೊತ್ತ ಪಕ್ಕದ ಉಕ್ಕಿನ ತಗಡು) ಬೇಟೆ ದೃಶ್ಯ ಬರೆಯಲು ಕೂತವರು ಮೊದಲು ಗುರುತು ಹಾಕಬೇಕಾದ್ದು ಸ್ಕ್ರೂ, ಪಿನ್ನುಗಳ ತಲೆಗಳನ್ನು. ಪಿನ್ನಿನ ತಲೆ ಹಕ್ಕಿಯ ಕಣ್ಣಿಗೋ ನಾಯಿಯ ಮೂತಿಗೋ ಬಂದು ಕೂತರೆ ಎಷ್ಟು ಚೆಂದ ಕೆತ್ತಿದರೂ ನೋಟ ಅಲ್ಲೇ ಎಡವುತ್ತದೆ. ಅವು ಪೊದೆಯೊಳಗೋ ಸುರುಳಿಬಳ್ಳಿಯೊಳಗೋ ಸೇರಿಹೋಗಬೇಕು. ಕೆತ್ತುವಾಗ ಸ್ಕ್ರೂ ಪೂರ್ತಿ ಬಿಗಿದಿರಲಿ, ಸೀಳು ನಳಿಗೆಯ ಉದ್ದಕ್ಕೇ ನಿಂತಿರಲಿ. ಇಲ್ಲದಿದ್ದರೆ ತಲೆಯ ಮೇಲೆ ಹಾದ ಗೆರೆಗಳು ಆಮೇಲೆ ಕೂಡುವುದಿಲ್ಲ.

ಪ್ಲೇಟು ಹಿಂದಕ್ಕೆ ಹೋದಂತೆ ಸಪೂರ. ಫೆಸೆಂಟ್ ಎಂಬ ಬೇಟೆಹಕ್ಕಿಯ ಉದ್ದ ಬಾಲಕ್ಕೆ ಅದು ಹೇಳಿ ಮಾಡಿಸಿದ ಜಾಗ. ಎರಡೂ ಕಡೆ ಹಕ್ಕಿ ನಳಿಗೆಯ ಬಾಯಿಯತ್ತಲೇ ಹಾರಬೇಕು. ಹಾಗೆಂದು ಬಲಗಡೆಯ ಚಿತ್ರವನ್ನೇ ಮಗುಚಿ ಎಡಕ್ಕೆ ಹಾಕಿದರೆ ಎರಡೂ ಸಪ್ಪೆ. ಒಂದು ಕಡೆ ಫೆಸೆಂಟ್, ಇನ್ನೊಂದು ಕಡೆ ಗೌಜಲಹಕ್ಕಿ ಇರಲಿ. ಬೆಳಕು ಮಾತ್ರ ಎರಡಕ್ಕೂ ಮೇಲಿಂದಲೇ ಬೀಳಲಿ.

ಉಕ್ಕಿನ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ತೆಳುವಾಗಿ ಚೈನೀಸ್ ವೈಟ್ ಎಂಬ ಬಿಳಿ ಜಲವರ್ಣ ಬಳಿದು ಒಣಗಿಸಿ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಗೆರೆ ಸರಿಯೆನಿಸಿದ ಮೇಲೆ ಸೂಜಿಮೊನೆಯಿಂದ ಲೋಹಕ್ಕೆ ಇಳಿಸಿ.

ಹಕ್ಕಿಯ ಮೈಗೆ ಇಟಲಿಯ ಗಾರ್ದೊನೆ ವಾಲ್ ಟ್ರೊಂಪಿಯಾದ ಕೆತ್ತನೆಗಾರರು ಪಳಗಿಸಿದ ಬುಲಿನೊ ಪದ್ಧತಿಯೇ ಬೇಕು: ಮೈಕ್ರೊಸ್ಕೋಪಿನಡಿ ಕೈಯಲ್ಲೇ ಒತ್ತುವ ಸಣ್ಣ ಚುಕ್ಕಿ, ಕೂದಲೆಳೆಯಷ್ಟು ಗೆರೆ. ಸುತ್ತಲೂ ಗಟ್ಟಿ ಅಂಚುಗೆರೆ ಎಳೆದರೆ ಹಕ್ಕಿ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಹಿನ್ನೆಲೆಯನ್ನು ಕಪ್ಪಾಗಿಸಿ ಅಂಚನ್ನು ಹುಟ್ಟಿಸಬೇಕು, ಅತಿ ಬೆಳಕಿನ ಭಾಗವನ್ನು ಬರಿ ಉಕ್ಕಾಗಿಯೇ ಬಿಡಬೇಕು. ಒಮ್ಮೆ ಕಪ್ಪಾದದ್ದನ್ನು ತಿಳಿಯಾಗಿಸುವ ದಾರಿಯಿಲ್ಲ. ಆದ್ದರಿಂದ ತಿಳಿಯಿಂದ ಗಾಢಕ್ಕೆ ಹೋಗಿ. ಉಳಿಯ ಮೊನೆ ಮುರಿದಿದ್ದರೆ ಚುಕ್ಕಿಯ ಅಂಚಿನಲ್ಲಿ ಲೋಹ ಎದ್ದು, ನೆರಳಿರಬೇಕಾದ ಕಡೆ ಹೊಳೆಯುತ್ತದೆ. ನಡುನಡುವೆ ಕಪ್ಪು ಇಂಕು ಉಜ್ಜಿ, ಒರೆಸಿ, ಪಾರದರ್ಶಕ ಟೇಪಿನಲ್ಲಿ ಎತ್ತಿ ಬಿಳಿ ಕಾಗದಕ್ಕೆ ಅಂಟಿಸಿ ನೋಡಿ. ಹೊಳಪು ಮರೆಮಾಚಿದ್ದ ತಪ್ಪೆಲ್ಲ ಅಲ್ಲಿ ಬಯಲಾಗುತ್ತದೆ.

ಹಕ್ಕಿಯ ಗುರುತು ತಪ್ಪಿದರೆ ಕೆಲಸವೇ ಕೆಟ್ಟಂತೆ. ವುಡ್‌ಕಾಕ್, ಸ್ನೈಪ್ ಒಂದನ್ನೊಂದು ಹೋಲುವ ಉದ್ದ ಕೊಕ್ಕಿನ ಬೇಟೆಹಕ್ಕಿಗಳು: ವುಡ್‌ಕಾಕ್ ನೆತ್ತಿಯ ಪಟ್ಟಿ ಅಡ್ಡ, ಸ್ನೈಪ್‌ನದು ಉದ್ದ. ವುಡ್‌ಕಾಕ್‌ನ ಕಣ್ಣು ತಲೆಯಲ್ಲಿ ಬಹಳ ಹಿಂದಕ್ಕೂ ಮೇಲಕ್ಕೂ ಇರುತ್ತದೆ.

ಕೆತ್ತನೆ ಉಕ್ಕು ಮೆತ್ತಗಿರುವಾಗ, ಗಡಸು ಕೊಡುವ ಮುಂಚೆ ನಡೆಯುವ ಕೆಲಸ. ಬಣ್ಣ ಬರುವ ಕೇಸ್ ಹಾರ್ಡನಿಂಗ್ (ಉಕ್ಕಿನ ಮೇಲ್ಪದರವನ್ನು ಗಡಸುಗೊಳಿಸುವ ವಿಧಾನ) ಮಾಡಿದರೆ ಅದರ ಮಚ್ಚೆಗಳು ಬುಲಿನೊದ ನವಿರು ನೆರಳನ್ನು ನುಂಗುತ್ತವೆ. ಬೂದುಬೆಳ್ಳಿ ಬಣ್ಣದ ಫಿನಿಶ್ ಎಂದು ಕೋವಿ ತಯಾರಕರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಪಾಲಿಶ್ ಚಕ್ರ ತಾಗಿಸಕೂಡದು. ಕೈ ಸದಾ ಉಜ್ಜುವ ಟ್ರಿಗರ್ ಗಾರ್ಡಿಗೆ ಬುಲಿನೊ ಬೇಡ, ಆಳವಾದ ಸುರುಳಿಬಳ್ಳಿಯೇ ಸರಿ.